ಓದುಗರು ಕೇಳಿದ್ದು: ಕುರಿಯ ಹೊಟ್ಟೆಯೊಳಗೆ ಹೈಡ್ರೋಜನ್ ಮಾಡುವವರು ಯಾರು?

ಹೋದ ಸಂಚಿಕೆಯಲ್ಲಿ ದನ, ಆಡು, ಕುರಿ ಮೆಲುಕು ಹಾಕುವ ಬಗ್ಗೆ ನಾಲ್ಕು ಸಾಲು ಬರೆದದ್ದಕ್ಕೆ ಇಷ್ಟು ಪತ್ರ ಬರ್ತದೆ ಅಂತ ಅಂದಾಜಿರ್ಲಿಲ್ಲ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ. ಮೊದಲನೇ ಪ್ರಶ್ನೆಗೆ ಉತ್ತರ ಸ್ವಲ್ಪ ಉದ್ದ ಆಗಿದೆ, ಉಳಿದದ್ದೆಲ್ಲ ಅದರ ಬಾಲ ಹಿಡ್ಕೊಂಡು ಬಂದದ್ದು.

ಪ್ರಶ್ನೆ: ನಮ್ಮ ಬಯಾಲಜಿ ಲೆಕ್ಚರರ್ ಕುರಿಯ ಹೊಟ್ಟೆಯ ನೀರು ತಂದು ಮೈಕ್ರೋಸ್ಕೋಪಲ್ಲಿ ತೋರಿಸಿದ್ರು, ಅದ್ರಲ್ಲಿ ಎಂತೆಂತದೋ ಓಡ್ತಾ ಇತ್ತು. ಅಲ್ಲಿ ಆಕ್ಸಿಜನ್ ಇಲ್ಲ ಅಂತ ಅವರೇ ಹೇಳಿದ್ರು. ಜೀವಕೋಶದೊಳಗೆ ಶಕ್ತಿ ತಯಾರಿಸುವ ಮೈಟೋಕಾಂಡ್ರಿಯಕ್ಕೆ ಆಕ್ಸಿಜನ್ ಬೇಕು ಅಂತ ಪುಸ್ತಕದಲ್ಲಿ ಉಂಟು. ಹಾಗಾದ್ರೆ ಅವುಗಳಿಗೆ ಓಡ್ಲಿಕ್ಕೆ ಶಕ್ತಿ ಎಲ್ಲಿಂದ?
— ಪಿಯುಸಿ ವಿದ್ಯಾರ್ಥಿನಿ, ಉಡುಪಿ

ಉತ್ತರ: ನೀವು ನೋಡಿದ್ದು ಸೀಲಿಯೇಟ್ ಅಂತ ಹೇಳುವ ಏಕಕೋಶ ಜೀವಿಗಳನ್ನು. ಮೈಯಿಡೀ ರೋಮ ಇದ್ದು ಸರಸರ ಹೋಗ್ತಾ ಇದ್ರೆ ಅದು ಐಸೋಟ್ರೈಕಾ ಅಥವಾ ಡ್ಯಾಸಿಟ್ರೈಕಾ, ಬಾಯಿ ಹತ್ರ ಮಾತ್ರ ರೋಮದ ಕುಚ್ಚು ಇದ್ರೆ ಎಂಟೋಡಿನಿಯಂ ಅಥವಾ ಅದರ ನೆಂಟರು. ಹೊಟ್ಟೆಯ ನೀರನ್ನು ಬೆಚ್ಚಗೆ ಒಂದು ಗಾಜಿನ ಗ್ಲಾಸಲ್ಲಿ ಅಲ್ಲಾಡಿಸದೆ ಸ್ವಲ್ಪ ಹೊತ್ತು ಇಟ್ರೆ ಅಡಿಯಲ್ಲಿ ಬೆಳ್ಳಗೆ ಒಂದು ಪದರ ಕೂತ್ಕೊಳ್ತದೆ, ಅದ್ರಲ್ಲಿ ತುಂಬ ಇರುವುದು ಇವೇ. ಬೆಳ್ಳಗೆ ಯಾಕೆ ಅಂದ್ರೆ, ಸಕ್ಕರೆ ಸಿಕ್ಕಿದ ಕೂಡ್ಲೇ ಅದನ್ನು ಪಿಷ್ಟದಂಥ ಕಾಳು ಮಾಡಿ ಮೈಯೊಳಗೆ ತುಂಬಿಸಿಡ್ತವೆ. ಸ್ಲೈಡಿಗೆ ಒಂದು ಹನಿ ಅಯೋಡಿನ್ ಬಿಟ್ರೆ ಮೈ ಕಪ್ಪಗೆ ಕಂದು ಬಣ್ಣಕ್ಕೆ ತಿರುಗ್ತದೆ, ಲೆಕ್ಚರರ್ ಹತ್ರ ಕೇಳಿ ಒಂದ್ಸಲ ಮಾಡಿ ನೋಡಿ. ಸಕ್ಕರೆ ತೀರಾ ಜಾಸ್ತಿ ಸಿಕ್ಕಿದ್ರೆ ಎಲ್ಲಿ ನಿಲ್ಲಿಸ್ಬೇಕು ಅಂತ ಗೊತ್ತಾಗದೆ ತುಂಬಿಸ್ತಾ ತುಂಬಿಸ್ತಾ ಮೈ ಒಡೆದು ಸಾಯುವುದೂ ಉಂಟು.

ಈ ಜೀವಿಗಳನ್ನು ಮೊದ್ಲು ಕಂಡು ಬರೆದವರು ಗ್ರೂಬಿ ಮತ್ತು ದೆಲಾಫೋಂ ಅಂತ ಇಬ್ಬರು, 1843ರಲ್ಲಿ, ಪ್ಯಾರಿಸಲ್ಲಿ. ಅವು ಇರುವ ಜಾಗ ರೂಮೆನ್, ಅಂದ್ರೆ ನಾಲ್ಕು ಕೋಣೆಯ ಹೊಟ್ಟೆಯಲ್ಲಿ ಎಲ್ಲಕ್ಕಿಂತ ದೊಡ್ಡ ಕೋಣೆ. ಒಳಗೆ ಸುಮಾರು 39 ಡಿಗ್ರಿ ಬಿಸಿ, ಪಿಎಚ್ (ಹುಳಿಯ ಅಳತೆ, ಕೆಳಗಿಳಿದಷ್ಟೂ ಹುಳಿ ಜಾಸ್ತಿ) 6ರಿಂದ 7ರ ನಡುವೆ, ಸದಾ ಕತ್ತಲೆ, ಹುಲ್ಲು ಒಂದೇ ಸಮನೆ ಬರ್ತಾ ಇರ್ತದೆ. ಒಂದು ಮಿಲಿಲೀಟರ್ ನೀರಲ್ಲಿ ಲಕ್ಷದಿಂದ ಹತ್ತು ಲಕ್ಷದ ತನಕ ಸೀಲಿಯೇಟ್ ಇರಬಹುದು, ಬ್ಯಾಕ್ಟೀರಿಯ ಲೆಕ್ಕ ಅಂತೂ ಸಾವಿರ ಕೋಟಿಯ ಆಸುಪಾಸು. ಇಷ್ಟೆಲ್ಲ ಜನಸಂಖ್ಯೆಗೆ ಆಕ್ಸಿಜನ್ ಮಾತ್ರ ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ.

ಈಗ ನಿಮ್ಮ ಪ್ರಶ್ನೆಗೆ. ಇವುಗಳ ಮೈಯೊಳಗೆ ಮೈಟೋಕಾಂಡ್ರಿಯ ಇರಬೇಕಾದ ಜಾಗದಲ್ಲಿ ಬೇರೆ ಒಂದು ಸಣ್ಣ ಚೀಲ ಉಂಟು, ಹೆಸರು ಹೈಡ್ರೋಜನೋಸೋಮ್. ಅಡ್ಡಗಲ ಒಂದು ಮೈಕ್ರೋಮೀಟರ್ ಆಸುಪಾಸು, ಅಂದ್ರೆ ಒಂದು ಮಿಲಿಮೀಟರಲ್ಲಿ ಸಾವಿರ ಸಾಲಾಗಿ ನಿಲ್ಲಿಸಬಹುದು. ಮೈಟೋಕಾಂಡ್ರಿಯದ ಹಾಗೇ ಎರಡು ಪೊರೆ ಉಂಟು, ಆದ್ರೆ ಪುಸ್ತಕದ ಚಿತ್ರದಲ್ಲಿ ಕಾಣುವ ಆ ಒಳಗಿನ ಮಡಿಕೆಗಳು ಇಲ್ಲ, ಯಾಕೆಂದ್ರೆ ಆಕ್ಸಿಜನ್ ತನಕ ಎಲೆಕ್ಟ್ರಾನ್ ದಾಟಿಸುವ ಸರಣಿಯೇ ಇಲ್ಲಿಲ್ಲ. ಇಲ್ಲಿ ಆಗುವ ಕೆಲಸ ಬೇರೆ. ಗ್ಲೂಕೋಸ್ ಮುರಿದು ಪೈರುವೇಟ್ ಅನ್ನುವ ಸಣ್ಣ ಅಣು ಆಗುವ ತನಕ ನಮ್ಮಲ್ಲೂ ಅವುಗಳಲ್ಲೂ ಒಂದೇ ದಾರಿ, ಅದು ಚೀಲದ ಹೊರಗೇ ಆಗ್ತದೆ. ಪೈರುವೇಟ್ ಚೀಲದ ಒಳಗೆ ಬಂದ ಮೇಲೆ ಒಂದು ಕಿಣ್ವ ಅದರಿಂದ ಕಾರ್ಬನ್ ಡೈಆಕ್ಸೈಡ್ ಬಿಡಿಸಿ, ಎಲೆಕ್ಟ್ರಾನ್‌ಗಳನ್ನು ಕಿತ್ತು ಫೆರಿಡಾಕ್ಸಿನ್ ಅನ್ನುವ ಕಬ್ಬಿಣ-ಗಂಧಕ ಇರುವ ಪ್ರೋಟೀನಿಗೆ ಕೊಡ್ತದೆ, ಫೆರಿಡಾಕ್ಸಿನ್ ಅದನ್ನು ಹೈಡ್ರೋಜಿನೇಸ್ ಅನ್ನುವ ಇನ್ನೊಂದು ಕಿಣ್ವಕ್ಕೆ ದಾಟಿಸ್ತದೆ, ಅದು ಎರಡು ಪ್ರೋಟಾನ್ ಹಿಡಿದು ಎಲೆಕ್ಟ್ರಾನ್ ಸೇರಿಸಿ ಹೈಡ್ರೋಜನ್ ಗ್ಯಾಸ್ ಮಾಡಿ ಬಿಟ್ಟುಬಿಡ್ತದೆ. ಉಳಿದ ಭಾಗ ಅಸಿಟೇಟ್ ಆಗ್ತದೆ, ಆಗುವ ದಾರಿಯಲ್ಲಿ ಒಂದು ಎಟಿಪಿ, ಅಂದ್ರೆ ಜೀವಕೋಶ ಖರ್ಚು ಮಾಡುವ ಶಕ್ತಿಯ ಅಣು, ಸಿಗ್ತದೆ.

ಲೆಕ್ಕ ಹಾಕಿದ್ರೆ ತುಂಬ ಬಡ ಸಂಪಾದನೆ. ಒಂದು ಗ್ಲೂಕೋಸಿಗೆ ಹೊರಗೆ ಎರಡು ಎಟಿಪಿ, ಎರಡೂ ಪೈರುವೇಟ್ ಚೀಲಕ್ಕೇ ಹೋದ್ರೆ ಅಲ್ಲಿ ಇನ್ನೆರಡು, ಒಟ್ಟು ನಾಲ್ಕು. ನಮ್ಮ ಜೀವಕೋಶ ಆಕ್ಸಿಜನ್ ಬಳಸಿ ಅದೇ ಗ್ಲೂಕೋಸಿಂದ 30ರ ಹತ್ರ ತೆಗೀತದೆ. ಆದ್ರೂ ಹೊರಗಿನ ಎರಡನ್ನು ಮಾತ್ರ ನಂಬಿ ಕೂತವರಿಗಿಂತ ಇದು ಡಬಲ್ ಅಲ್ವಾ, ಅಷ್ಟೇ ಸಾಕು, ಸುತ್ತಮುತ್ತ ಇರುವವರೆಲ್ಲ ಅಷ್ಟರಲ್ಲೇ ಬದುಕುವವರು. ಪೈರುವೇಟ್ ಎಲ್ಲವೂ ಅಸಿಟೇಟ್ ಆಗುವುದಿಲ್ಲ ಅನ್ನುವುದನ್ನೂ ಸೇರಿಸ್ತೇನೆ, ಡ್ಯಾಸಿಟ್ರೈಕಾ ಲ್ಯಾಕ್ಟೇಟ್ ಮತ್ತು ಬ್ಯುಟಿರೇಟ್ ಸಹ ಮಾಡ್ತದೆ. ಇವೆಲ್ಲ ಕೊನೆಗೆ ಕುರಿಯ ರಕ್ತಕ್ಕೇ ಸೇರ್ತವೆ, ಕುರಿ ಬದುಕುವುದೇ ಹೆಚ್ಚುಕಮ್ಮಿ ಇಂಥ ಆಮ್ಲಗಳ ಮೇಲೆ.

ಈ ಚೀಲವನ್ನು ಕಂಡುಹಿಡಿದ ಕತೆ ಕುರಿಯಿಂದ ಶುರುವಾದದ್ದಲ್ಲ. ದನಗಳಿಗೆ ಗರ್ಭ ಹೋಗುವ ಹಾಗೆ ಮಾಡುವ ಟ್ರೈಟ್ರೈಕೋಮೋನಾಸ್ ಅನ್ನುವ ಪರಾವಲಂಬಿಯನ್ನು ಅರೆದು, ಸೆಂಟ್ರಿಫ್ಯೂಜಲ್ಲಿ ತಿರುಗಿಸಿ, ಯಾವ ಪದರದಲ್ಲಿ ಯಾವ ಕಿಣ್ವ ಉಂಟು ಅಂತ ನೋಡ್ತಾ ಹೋದವರು ಅಮೆರಿಕದ ಲಿಂಡ್‌ಮಾರ್ಕ್ ಮತ್ತು ಮಿಕ್ಲೋಶ್ ಮುಲ್ಲರ್. ಹೈಡ್ರೋಜನ್ ಮಾಡುವ ಶಕ್ತಿ ಎಲ್ಲ ಜೀವಕೋಶದೊಳಗಿನ ಒಂದು ಜಾತಿಯ ಸಣ್ಣ ಚೀಲಗಳಲ್ಲೇ ಇದೆ ಅಂತ ಗೊತ್ತಾಗಿ 1973ರಲ್ಲಿ ಅದಕ್ಕೆ ಆ ಹೆಸರಿಟ್ರು. ರೂಮೆನ್‌ನ ಜೀವಿಗಳ ಸರದಿ ಬಂದದ್ದು 1981ರಲ್ಲಿ, ಬ್ರಿಟನ್ನಿನ ಯಾರ್ಲೆಟ್, ಲಾಯ್ಡ್, ವಿಲಿಯಮ್ಸ್ ಇವರೆಲ್ಲ ಡ್ಯಾಸಿಟ್ರೈಕಾದಲ್ಲಿ ಅದೇ ಚೀಲ ತೋರಿಸಿದ್ರು, 1983ರಲ್ಲಿ ಕುರಿಯ ರೂಮೆನ್ ನೀರಿಂದಲೇ ತೆಗೆದ ಐಸೋಟ್ರೈಕಾದಲ್ಲೂ ಸಿಕ್ಕಿತು.

ಒಂದು ವಿಷಯ ಮಾತ್ರ ಪುಸ್ತಕದಷ್ಟು ಸಲೀಸಾಗಿಲ್ಲ, ನನಗೆ ಈ ಕತೆಯಲ್ಲಿ ತುಂಬ ಇಷ್ಟ ಆಗುವುದೂ ಅದೇ. ಆಕ್ಸಿಜನ್ ಇಲ್ಲ ಇಲ್ಲ ಅಂತ ಹೇಳ್ತೇವೆ, ಆದ್ರೆ ಕುರಿ ಹುಲ್ಲು ನುಂಗುವಾಗ, ನೀರು ಕುಡಿಯುವಾಗ ಜೊತೆಗೆ ಗಾಳಿ ಹೋಗ್ತದೆ, ಹೊಟ್ಟೆಯ ಗೋಡೆಯ ರಕ್ತದಿಂದಲೂ ಸ್ವಲ್ಪ ಸ್ವಲ್ಪ ಒಸರ್ತದೆ. ಹೈಡ್ರೋಜಿನೇಸ್‌ಗೆ ಆಕ್ಸಿಜನ್ ಅಂದ್ರೆ ವಿಷ, ಹಾಗಿದ್ರೂ ಈ ಸೀಲಿಯೇಟ್‌ಗಳು ಅಷ್ಟಿಷ್ಟು ಬಂದ ಆಕ್ಸಿಜನ್ನನ್ನು ತಾವೇ ಹೀರಿ ನೀರು ಮಾಡಿ ಮುಗಿಸ್ತವೆ, ಆ ಹೊತ್ತಿಗೆ ಎಲೆಕ್ಟ್ರಾನ್ ಅಲ್ಲಿಗೆ ಹೋಗುವುದರಿಂದ ಹೈಡ್ರೋಜನ್ ಕಮ್ಮಿ ಬರ್ತದೆ, ಆಕ್ಸಿಜನ್ ಖಾಲಿ ಆದ ಮೇಲೆ ಮತ್ತೆ ಹೈಡ್ರೋಜನ್ ಶುರು. ಆಕ್ಸಿಜನ್ ತೀರಾ ಜಾಸ್ತಿ ಆಯ್ತೋ, ಇವುಗಳ ಕತೆ ಮುಗೀತು. ನಿಮ್ಮ ಸ್ಲೈಡಲ್ಲಿ ಸ್ವಲ್ಪ ಹೊತ್ತಾದ ಮೇಲೆ ಓಟ ನಿಂತಿದ್ರೆ ಕಾರಣ ಗಾಳಿ ಮತ್ತು ತಂಪು ಎರಡೂ.

ಪ್ರಶ್ನೆ: ಹಾಗಾದ್ರೆ ಇದು ಮೈಟೋಕಾಂಡ್ರಿಯವೇ ರೂಪ ಬದಲಿಸಿದ್ದಾ, ಬೇರೆಯೇ ಬ್ಯಾಕ್ಟೀರಿಯ ಒಳಗೆ ಸೇರಿ ಆದದ್ದಾ?
— ನಿವೃತ್ತ ವಿಜ್ಞಾನ ಮೇಷ್ಟ್ರು, ಮೂಡುಬಿದಿರೆ

ಉತ್ತರ: ಸರ್, ನೀವು ಕ್ಲಾಸಿನಲ್ಲಿ ಪಾಠ ಮಾಡ್ತಿದ್ದ ಕಾಲದಲ್ಲಿ ಇದು ಜಗಳದ ವಿಷಯವೇ ಆಗಿತ್ತು. ಈಗ ಒಪ್ಪಿರುವುದು ಮೊದಲನೆಯದ್ದು. ಬಲವಾದ ಸಾಕ್ಷಿ ಸಿಕ್ಕಿದ್ದು ಜಿರಳೆಯ ಕರುಳಲ್ಲಿ ಅಂದ್ರೆ ನಂಬ್ತೀರಾ? ಅಲ್ಲಿ ಇರುವ ನಿಕ್ಟೋಥೀರಸ್ ಅನ್ನುವ ಸೀಲಿಯೇಟಿನ ಹೈಡ್ರೋಜನೋಸೋಮಲ್ಲಿ ಇನ್ನೂ ಸ್ವಂತ ಡಿಎನ್‌ಎ ಉಳಿದಿದೆ ಅಂತ 1998ರಲ್ಲಿ ವರದಿಯಾಯ್ತು, 2005ರಲ್ಲಿ ಅದರ ಜೀನ್‌ಗಳನ್ನು ಓದಿ ನೋಡಿದ್ರೆ ಅವು ಸೀಲಿಯೇಟ್‌ಗಳ ಮೈಟೋಕಾಂಡ್ರಿಯದ ಜೀನ್‌ಗಳೇ. ಬೇರೆ ಹೆಚ್ಚಿನ ಹೈಡ್ರೋಜನೋಸೋಮ್‌ಗಳಲ್ಲಿ ಡಿಎನ್‌ಎ ಪೂರ್ತಿ ಹೋಗಿಬಿಟ್ಟಿದೆ, ಬೇಕಾದ ಪ್ರೋಟೀನ್ ಎಲ್ಲ ಹೊರಗಿಂದ ಬರಬೇಕು.

ಒಂದೇ ಸಲ ಆಗಿ ಎಲ್ಲರಿಗೂ ಹಂಚಿ ಹೋದದ್ದೂ ಅಲ್ಲ. ಸೀಲಿಯೇಟ್‌ಗಳಲ್ಲಿ ಬೇರೆ, ಮೇಲೆ ಹೇಳಿದ ದನದ ಪರಾವಲಂಬಿ ಸೇರಿದ ಟ್ರೈಕೋಮೋನಾಸ್ ಗುಂಪಲ್ಲಿ ಬೇರೆ, ರೂಮೆನ್‌ನಲ್ಲೇ ಇರುವ ಶಿಲೀಂಧ್ರಗಳಲ್ಲಿ ಮತ್ತೆ ಬೇರೆ, ಹೀಗೆ ಆಕ್ಸಿಜನ್ ಇಲ್ಲದ ಕಡೆ ಹೋಗಿ ಬಿದ್ದವರೆಲ್ಲ ಅವರವರ ಮೈಟೋಕಾಂಡ್ರಿಯವನ್ನು ಅವರವರೇ ತಿದ್ದಿಕೊಂಡದ್ದು. ಆ ಶಿಲೀಂಧ್ರದ್ದೂ ಒಂದು ತಮಾಷೆ ಉಂಟು: ಬಾಲ ಅಲ್ಲಾಡಿಸಿ ಈಜುವ ಅದರ ಬೀಜಾಣುಗಳನ್ನು ತುಂಬ ವರ್ಷ ಪ್ರೋಟೋಜೋವ, ಅಂದ್ರೆ ಸೀಲಿಯೇಟ್‌ಗಳಂಥ ಏಕಕೋಶ ಜೀವಿ, ಅಂತಲೇ ಲೆಕ್ಕ ಹಾಕ್ತಿದ್ರು, ಅದು ಶಿಲೀಂಧ್ರ ಅಂತ 1975ರಲ್ಲಿ ತೋರಿಸಿದ್ದು ಇಂಗ್ಲೆಂಡಿನ ಕಾಲಿನ್ ಆರ್ಪಿನ್, ಅದೂ ಕುರಿಯ ರೂಮೆನ್ ನೀರಿಂದಲೇ.

ಪ್ರಶ್ನೆ: ದನ ತೇಗುವ ಮೀಥೇನ್‌ನಿಂದ ಭೂಮಿ ಬಿಸಿಯಾಗ್ತದೆ ಅಂತ ಟಿವಿಯಲ್ಲಿ ಹೇಳ್ತಾರೆ. ನೀವು ನೋಡಿದ್ರೆ ಹೈಡ್ರೋಜನ್ ಅಂತೀರಿ. ಯಾವುದು ಸರಿ? ನಮ್ಮದು ನಾಲ್ಕು ಜೆರ್ಸಿ ಮತ್ತೆ ಏಳೆಂಟು ಆಡು ಉಂಟು, ಈ ಹುಳಗಳನ್ನು ಕೊಂದ್ರೆ ಹಾಲು ಜಾಸ್ತಿ ಆಗ್ತದಾ?
— ಹಾಲು ಡೈರಿಗೆ ಹಾಕುವವರು, ಕಿನ್ನಿಗೋಳಿ

ಉತ್ತರ: ಎರಡೂ ಸರಿ ಮಾರಾಯ್ರೆ. ಸೀಲಿಯೇಟ್ ಬಿಡುವುದು ಹೈಡ್ರೋಜನ್. ಆ ಹೈಡ್ರೋಜನ್ ಅಲ್ಲೇ ತುಂಬಿಕೊಂಡ್ರೆ ಕೆಲಸ ಮುಂದೆ ಹೋಗುವುದಿಲ್ಲ, ಮಳೆಗಾಲದಲ್ಲಿ ಮೋರಿ ಕಟ್ಟಿದ್ರೆ ಬಚ್ಚಲಿನ ನೀರು ಹಿಂದಕ್ಕೆ ಬರ್ತದಲ್ಲ ಹಾಗೆ, ಹೈಡ್ರೋಜಿನೇಸ್ ನಿಧಾನ ಆಗಿ ಎಟಿಪಿ ಕಮ್ಮಿ ಸಿಗುವ ಬೇರೆ ದಾರಿ ಹಿಡೀಬೇಕಾಗ್ತದೆ. ಅದನ್ನು ಎತ್ತಿಕೊಂಡು ಹೋಗುವವರು ಮೀಥನೋಜೆನ್ ಅನ್ನುವ ಇನ್ನೊಂದು ಜಾತಿಯ ಸೂಕ್ಷ್ಮಜೀವಿಗಳು. ನಾಲ್ಕು ಹೈಡ್ರೋಜನ್ ಅಣುವಿಗೆ ಒಂದು ಕಾರ್ಬನ್ ಡೈಆಕ್ಸೈಡ್ ಸೇರಿಸಿ ಒಂದು ಮೀಥೇನ್, ಎರಡು ನೀರು ಮಾಡ್ತವೆ, ಅವುಗಳ ಹೊಟ್ಟೆಪಾಡು ಅದ್ರಲ್ಲೇ.

ಇವು ದೂರ ಎಲ್ಲೋ ಇರುವವರಲ್ಲ, ಸೀಲಿಯೇಟಿನ ಮೈಗೇ ಅಂಟಿಕೊಂಡಿರ್ತವೆ, ಕೆಲವು ಅದರ ಮೈಯ ಒಳಗೇ ಇರ್ತವೆ. ಮೀಥನೋಜೆನ್‌ಗಳಲ್ಲಿ ಎಫ್420 ಅನ್ನುವ ಒಂದು ಸಹಕಿಣ್ವ ಇರುವುದರಿಂದ ಸರಿಯಾದ ಬೆಳಕು ಹಾಕುವ ಮೈಕ್ರೋಸ್ಕೋಪಲ್ಲಿ ಅವು ತಾವಾಗಿಯೇ ನೀಲಿ-ಹಸಿರು ಹೊಳೀತವೆ, ಬಣ್ಣ ಹಾಕ್ಬೇಕಂತ ಇಲ್ಲ. 1980ರಲ್ಲಿ ನೆದರ್ಲೆಂಡ್ಸಿನ ಫೋಗೆಲ್ಸ್ ಮತ್ತು ಜೊತೆಯವರು ಹೀಗೆ ನೋಡಿದಾಗಲೇ ಸೀಲಿಯೇಟ್‌ಗಳ ಮೈಮೇಲೆ ಸಾಲುಸಾಲು ಹೊಳೆಯುವ ಚುಕ್ಕೆ ಕಂಡದ್ದು. ರೂಮೆನ್‌ನ ಮೀಥೇನಲ್ಲಿ ಈ ಜೋಡಿಯ ಪಾಲು ಎಷ್ಟು ಅನ್ನುವುದಕ್ಕೆ ಬೇರೆ ಬೇರೆ ಅಂದಾಜು ಉಂಟು, ಒಂದು ಲೆಕ್ಕದಲ್ಲಿ ಶೇಕಡ 9ರಿಂದ 25, ಇನ್ನೊಂದರಲ್ಲಿ ಶೇಕಡ 37ರ ತನಕ. ಉಳಿದದ್ದು ಬ್ಯಾಕ್ಟೀರಿಯ, ಶಿಲೀಂಧ್ರ ಬಿಡುವ ಹೈಡ್ರೋಜನಿಂದ. ಹಾಗಾಗಿ ಪೂರ್ತಿ ತಪ್ಪನ್ನು ಈ ಬಡಪಾಯಿಗಳ ತಲೆಗೆ ಕಟ್ಟುವುದು ನ್ಯಾಯ ಅಲ್ಲ.

ನಿಮಗೆ ನಷ್ಟ ಆಗುವುದು ಹೇಗೆ ಅಂದ್ರೆ, ತಿಂದ ಮೇವಿನ ಒಟ್ಟು ಶಕ್ತಿಯಲ್ಲಿ ಶೇಕಡ 2ರಿಂದ 12ರ ತನಕ ಮೀಥೇನ್ ಆಗಿ ಬಾಯಿಂದ ಹೊರಗೆ ಹೋಗ್ತದೆ. ದುಡ್ಡು ಕೊಟ್ಟು ತಂದ ಹಿಂಡಿ ಗಾಳಿಗೆ ಹೋದ ಹಾಗೆಯೇ. ಹಾಗಂತ ಸೀಲಿಯೇಟ್‌ಗಳನ್ನು ಕೊಲ್ಲಲಿಕ್ಕೆ ಹೊರಡಬೇಡಿ. ಅವಿಲ್ಲದೆ ಕುರಿ, ಆಡು ಬದುಕ್ತವೆ, ಪ್ರಯೋಗದಲ್ಲಿ ಹಾಗೆ ಸಾಕಿಯೂ ನೋಡಿದ್ದಾರೆ. ಬ್ಯಾಕ್ಟೀರಿಯಗಳನ್ನು ತಿನ್ನುವವರು ಇಲ್ಲದ ಕಾರಣ ಕರುಳಿಗೆ ಪ್ರೋಟೀನ್ ಸ್ವಲ್ಪ ಜಾಸ್ತಿ ಸಿಗ್ತದೆ, ಮೀಥೇನ್ ಕಮ್ಮಿ ಆಗ್ತದೆ, ಆದ್ರೆ ನಾರು ಕರಗುವುದೂ ಕಮ್ಮಿ ಆಗ್ತದೆ. ಬೈಹುಲ್ಲು ನಂಬಿ ಸಾಕುವವರಿಗೆ ನಾರು ಕರಗದಿದ್ರೆ ಉಳಿಯುವುದೆಂತ?

ನಮ್ಮೂರಿನವರಿಗೆ ಒಂದು ಸಮಾಧಾನದ ವಿಷಯ ತೆಂಗು. ತೆಂಗಿನೆಣ್ಣೆಯಲ್ಲಿ ಹತ್ರಹತ್ರ ಅರ್ಧದಷ್ಟು ಇರುವ ಲಾರಿಕ್ ಆಮ್ಲ ಸೀಲಿಯೇಟ್‌ಗಳನ್ನೂ ಮೀಥನೋಜೆನ್‌ಗಳನ್ನೂ ಅದುಮ್ತದೆ ಅಂತ ಕುರಿಗಳ ಮೇಲೆ ಮಾಡಿದ ಪ್ರಯೋಗಗಳಲ್ಲೇ ಕಂಡಿದೆ. ಗಾಣದ ತೆಂಗಿನ ಹಿಂಡಿಯಲ್ಲಿ ಎಣ್ಣೆ ಸ್ವಲ್ಪ ಉಳಿದಿರ್ತದೆ, ಅದನ್ನು ನಮ್ಮ ಹಿರಿಯರು ಹಾಲಿಗೆ ಒಳ್ಳೇದು ಅಂತ ಹಾಕ್ತಾ ಬಂದವರು. ಆದ್ರೆ ಒಳ್ಳೇದು ಅಂತ ಹೇಳಿ ಎಣ್ಣೆ ಸುರಿಯಬೇಡಿ, ಒಟ್ಟು ಮೇವಿನ ಒಣತೂಕದಲ್ಲಿ ಕೊಬ್ಬು ಶೇಕಡ 6-7 ದಾಟಿದ್ರೆ ನಾರು ಕರಗಿಸುವ ಬ್ಯಾಕ್ಟೀರಿಯಗಳೂ ಮಲಗ್ತವೆ, ದನ ಮೇವು ಬಿಡ್ತದೆ. ಬೆಂಗಳೂರಿನಲ್ಲಿರುವ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆ ಹರಿತ್ ಧಾರಾ ಅನ್ನುವ ಪುಡಿಯೊಂದನ್ನು ಮಾಡಿದೆ, ಮೇವಿನ ಜೊತೆ ಕೊಟ್ರೆ ಮೀಥೇನ್ ಶೇಕಡ 17ರಿಂದ 20ರಷ್ಟು ಕಮ್ಮಿ ಆಗ್ತದೆ ಅಂತ ಅವರ ಲೆಕ್ಕ. ಅದರ ಹಿಂದಿರುವುದು ಒಗರು ರುಚಿ ಕೊಡುವ ಟ್ಯಾನಿನ್ ಇರುವ ಗಿಡಗಳ ಗುಣ. ಏನೇ ಹೊಸತು ಹಾಕುವುದಿದ್ರೂ ಪಶು ಡಾಕ್ಟರಲ್ಲಿ ಒಂದು ಮಾತು ಕೇಳಿ ಹಾಕಿ.

ಪ್ರಶ್ನೆ: ಮನೆಯಲ್ಲಿ ಮದುವೆ ಆಗಿ ಉಳಿದ ಅನ್ನ ತುಂಬ ಇತ್ತು, ಬಿಸಾಡುವುದು ಯಾಕೆ ಅಂತ ಆಡುಗಳಿಗೆ ಹಾಕಿದ್ವಿ. ಮರುದಿನ ಎರಡು ಆಡು ಮಲಗಿದ್ದು ಏಳ್ಲಿಲ್ಲ. ಡಾಕ್ಟ್ರು ಬಂದು ಹೊಟ್ಟೆಯಿಂದ ನೀರು ತೆಗೆದು ಮೂಸಿ ನೋಡಿ ಹುಳ ಎಲ್ಲ ಸತ್ತಿದೆ ಅಂದ್ರು. ಹುಳ ಸತ್ರೆ ಒಳ್ಳೇದೇ ಅಲ್ವಾ?
— ಗೃಹಿಣಿ, ಬ್ರಹ್ಮಾವರ

ಉತ್ತರ: ಅವರು ಹೇಳಿದ ಹುಳ ಇದೇ ಸೀಲಿಯೇಟ್, ಜಂತುಹುಳ ಅಲ್ಲ ಅಮ್ಮ. ಬೇಯಿಸಿದ ಅನ್ನದ ಪಿಷ್ಟ ರೂಮೆನಲ್ಲಿ ಗಂಟೆಗಳೊಳಗೆ ಲ್ಯಾಕ್ಟಿಕ್ ಆಮ್ಲ ಆಗ್ತದೆ, ಪಿಎಚ್ 5.5ಕ್ಕಿಂತ ಕೆಳಗೆ ಇಳಿದ್ರೆ ಸೀಲಿಯೇಟ್‌ಗಳು ಸಾಯ್ಲಿಕ್ಕೆ ಶುರು. ಅದಕ್ಕೇ ಡಾಕ್ಟ್ರುಗಳು ಒಂದು ಹನಿ ನೀರನ್ನು ಬೆಚ್ಚಗಿನ ಸ್ಲೈಡಲ್ಲಿ ಇಟ್ಟು ಮೊದ್ಲು ನೋಡುವುದು ಓಟ ಉಂಟಾ ಅಂತ. ದೊಡ್ಡದೂ ಸಣ್ಣದೂ ಎಲ್ಲ ಓಡ್ತಾ ಇದ್ರೆ ಹೊಟ್ಟೆ ಸರಿ ಉಂಟು, ಯಾವುದೂ ಅಲ್ಲಾಡದೆ ಹುಳಿ ವಾಸನೆ ಬಂದ್ರೆ ಹೊಟ್ಟೆ ಕೆಟ್ಟಿದೆ. ಅನ್ನದ ಪ್ರಮಾಣ ಕಮ್ಮಿ ಇದ್ರೆ ಇದೇ ಸೀಲಿಯೇಟ್‌ಗಳು ಪಿಷ್ಟದ ಕಾಳನ್ನು ನುಂಗಿ ಇಟ್ಟುಕೊಂಡು ಆಮ್ಲ ಒಮ್ಮೆಲೇ ಏರದ ಹಾಗೆ ತಡೀತವೆ, ಬಕೆಟ್‌ಗಟ್ಲೆ ಸುರಿದ್ರೆ ಅವುಗಳ ಕೈಮೀರಿ ಹೋಗ್ತದೆ.

ಸುಧಾರಿಸಿದ ಮೇಲೆ ಆರೋಗ್ಯವಾಗಿರುವ ಪ್ರಾಣಿಯ ರೂಮೆನ್ ನೀರನ್ನು ಸೋಸಿ, ಬೆಚ್ಚಗಿರುವಾಗಲೇ ಕುಡಿಸುವ ಪದ್ಧತಿ ಉಂಟು, ಸತ್ತ ಜೀವಿಗಳ ಬದಲಿಗೆ ಹೊಸ ಸಂಸಾರ ಕೂರಿಸ್ಲಿಕ್ಕೆ. ಅದನ್ನು ಡಾಕ್ಟ್ರೇ ಮಾಡ್ಲಿ. ಮದುವೆ, ಅನ್ನಸಂತರ್ಪಣೆ ಸೀಸನ್ನಲ್ಲಿ ಇಂಥ ಕೇಸು ಜಾಸ್ತಿ, ಅನ್ನ ಉಳಿದ್ರೆ ಆಡಿನ ಎದುರು ಮಾತ್ರ ರಾಶಿ ಹಾಕಬೇಡಿ.

ಪ್ರಶ್ನೆ: ಹುಟ್ಟಿದ ಮರಿಯ ಹೊಟ್ಟೆಗೆ ಇವು ಎಲ್ಲಿಂದ ಬರ್ತವೆ? ಹುಲ್ಲಿಂದಲಾ?
— ಕಾರ್ಕಳದ ಓದುಗರು

ಉತ್ತರ: ಹುಲ್ಲಿಂದ ಅಲ್ಲ, ತಾಯಿಯ ಎಂಜಲಿಂದ. ಈ ಸೀಲಿಯೇಟ್‌ಗಳಿಗೆ ಗಟ್ಟಿ ಕವಚ ಕಟ್ಟಿಕೊಂಡು ಮಣ್ಣಲ್ಲಿ ಕಾಯುವ ವಿದ್ಯೆ ಇಲ್ಲ, ಒಣಗಿದ್ರೆ ಸತ್ತವು. ತಾಯಿ ಮೆಲುಕು ಹಾಕುವಾಗ ಬಾಯಿಗೆ ಬಂದದ್ದು, ಮರಿಯನ್ನು ನೆಕ್ಕುವಾಗ, ಒಂದೇ ಬಾನಿಯಿಂದ ತಿನ್ನುವಾಗ ದಾಟ್ತವೆ. ಹುಟ್ಟಿದ ಕೂಡ್ಲೇ ಬೇರೆ ಮಾಡಿ ದೊಡ್ಡ ಪ್ರಾಣಿಗಳ ಸಂಪರ್ಕ ಇಲ್ಲದೆ ಬೆಳೆಸಿದ ಮರಿಯಲ್ಲಿ ಸೀಲಿಯೇಟ್ ಇರುವುದೇ ಇಲ್ಲ.

ಪ್ರಶ್ನೆ: ನಾನು ಮೆಡಿಕಲ್ ಶಾಪಲ್ಲಿ ಕೆಲಸ ಮಾಡುವವ. ಮೆಟ್ರೋನಿಡಜೋಲ್ ಆಕ್ಸಿಜನ್ ಇಲ್ಲದ ಕಡೆ ಇರುವ ಕ್ರಿಮಿಗಳನ್ನು ಮಾತ್ರ ಕೊಲ್ತದೆ ಅಂತ ಕಲಿತದ್ದು ನೆನಪು. ಅದಕ್ಕೂ ಇದಕ್ಕೂ ಸಂಬಂಧ ಉಂಟಾ?
— ಮಂಗಳೂರು

ಉತ್ತರ: ಉಂಟು, ನೇರ ಸಂಬಂಧ. ಮಾತ್ರೆಯಲ್ಲಿರುವ ರೂಪದಲ್ಲಿ ಅದು ಹೆಚ್ಚು ವಿಷ ಅಲ್ಲ. ಮೇಲೆ ಹೇಳಿದ ಫೆರಿಡಾಕ್ಸಿನ್ ಇದೆಯಲ್ಲ, ಹೈಡ್ರೋಜನ್ ಮಾಡ್ಲಿಕ್ಕೆ ಇಟ್ಟುಕೊಂಡ ಎಲೆಕ್ಟ್ರಾನನ್ನು ಅದು ಈ ಮದ್ದಿಗೆ ಕೊಟ್ಟುಬಿಡ್ತದೆ, ಕೊಟ್ಟ ಕೂಡ್ಲೇ ಮದ್ದು ಬೇರೆ ರೂಪ ತಾಳಿ ಆ ಕ್ರಿಮಿಯದ್ದೇ ಡಿಎನ್‌ಎಯನ್ನು ಹಾಳು ಮಾಡ್ತದೆ. ಮನುಷ್ಯರ ಜನನಾಂಗದಲ್ಲಿ ಸೋಂಕು ತರುವ ಟ್ರೈಕೋಮೋನಾಸ್ ವಜೈನಾಲಿಸ್‌ನಲ್ಲಿ ಇದು ಆಗುವುದು ಹೈಡ್ರೋಜನೋಸೋಮಲ್ಲೇ. ಆಮಶಂಕೆಯ ಅಮೀಬಾಕ್ಕೆ ಹೈಡ್ರೋಜನೋಸೋಮ್ ಇಲ್ಲ, ಆದ್ರೆ ಅಂಥ ಫೆರಿಡಾಕ್ಸಿನ್ ವ್ಯವಸ್ಥೆ ಅದರ ಕೋಶದ ದ್ರವದಲ್ಲೇ ಉಂಟು, ಹಾಗಾಗಿ ಅದೂ ಸಾಯ್ತದೆ. ನಮ್ಮ ಜೀವಕೋಶದಲ್ಲಿ ಅಷ್ಟು ಸುಲಭಕ್ಕೆ ಎಲೆಕ್ಟ್ರಾನ್ ಕೊಡುವವರು ಇಲ್ಲ, ನಾವು ಉಳ್ಕೊಳ್ಳುವುದು ಅದರಿಂದ. ದನ-ಆಡಿಗೆ ಬೇಧಿ ಅಂತ ಯಾರಾದ್ರೂ ಈ ಮಾತ್ರೆ ಕೇಳಿಕೊಂಡು ಬಂದ್ರೆ ಚೀಟಿ ಇಲ್ಲದೆ ಕೊಡಬೇಡಿ, ರೂಮೆನ್ ತುಂಬ ಇರುವುದು ಆಕ್ಸಿಜನ್ ಇಲ್ಲದೆ ಬದುಕುವವರೇ ಅಲ್ವಾ.

ಪ್ರಶ್ನೆ: ಬೋಟಿ ತಿನ್ನುವವರಿಗೆ ಇವುಗಳಿಂದ ತೊಂದರೆ?
— ಹೆಸರು ಬೇಡ, ಉಳ್ಳಾಲ

ಉತ್ತರ: ಇಲ್ಲ. ಗಾಳಿ ತಾಗಿ ತಂಪಾದ್ರೆ ಹೆಚ್ಚು ಹೊತ್ತು ಬದುಕುವುದಿಲ್ಲ, ಮತ್ತೆ ಬೇಯುವಾಗ ಎಂತ ಉಳೀತದೆ. ಸುಣ್ಣ ಹಾಕಿ ಉಜ್ಜಿ ತೊಳೆಯುವುದು ಬೇರೆ ಕಾರಣಕ್ಕೆ, ಅದನ್ನು ಬಿಡಬೇಡಿ.

ಪ್ರಶ್ನೆ: ಹೈಡ್ರೋಜನ್ ಕಾರು ಬರ್ತದಂತೆ. ಕುರಿ ಹೊಟ್ಟೆಯಿಂದಲೇ ಹೈಡ್ರೋಜನ್ ಹಿಡೀಲಿಕ್ಕೆ ಆಗ್ತದಾ?
— ಐಟಿಐ ವಿದ್ಯಾರ್ಥಿ, ಕುಂದಾಪುರ

ಉತ್ತರ: ಹಿಡೀಲಿಕ್ಕೆ ಅಲ್ಲಿ ಉಳಿದಿರುವುದೇ ಇಲ್ಲ. ರೂಮೆನ್‌ನ ಗ್ಯಾಸಲ್ಲಿ ಸುಮಾರು ಶೇಕಡ 65 ಕಾರ್ಬನ್ ಡೈಆಕ್ಸೈಡ್, 27ರಷ್ಟು ಮೀಥೇನ್, ಹೈಡ್ರೋಜನ್ ಬರೀ 0.2ರ ಹತ್ರ. ಆದಷ್ಟೂ ಹೈಡ್ರೋಜನನ್ನು ಮೀಥನೋಜೆನ್‌ಗಳು ಆಗಿಂದಾಗಲೇ ಎತ್ತಿಕೊಳ್ತವೆ. ಅವುಗಳನ್ನು ತಡೆದು ಹೈಡ್ರೋಜನ್ ಉಳಿಸ್ತೇನೆ ಅಂತ ಹೊರಟ್ರೆ ಸೀಲಿಯೇಟ್‌ಗಳ ಕೆಲಸವೂ ನಿಧಾನ ಆಗ್ತದೆ ಅಂತ ಮೇಲೆ ನೋಡಿದ್ವಲ್ಲ. ಗ್ಯಾಸ್ ಬೇಕಿದ್ರೆ ಹಟ್ಟಿಯ ಸೆಗಣಿಗೆ ಒಂದು ಗೋಬರ್ ಗ್ಯಾಸ್ ಗುಂಡಿ ಮಾಡಿಸುವುದೇ ಸುಲಭ, ಅಲ್ಲಿ ಮೀಥೇನ್ ಮಾಡುವವರೂ ಇದೇ ಮೀಥನೋಜೆನ್ ಕುಲದವರು.